ಕಳೆ ಕೀಳೋದು ಬಿಟ್ಟು ಮುಚ್ಚಿ ನೋಡಿ ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜು ಈಗ ನೋಡ್ದೆ. ಹಿತ್ತಲಲ್ಲಿ ಎಷ್ಟು ಅಗೆದು ಕಿತ್ರೂ ಕಳೆ ಬರ್ತಾನೇ ಇದೆ, ಕಳೆನಾಶಕ ಹೊಡೆಸ್ಬಿಡ್ಲಾ ಅಂತ ಕೇಳಿದೀರಿ. ಬೇಡ, ದಯವಿಟ್ಟು ಬೇಡ. ಮಕ್ಕಳು ಬರಿಗಾಲಲ್ಲಿ ಓಡಾಡೋ ಜಾಗ ಅದು. ಔಷಧಿ ಇಲ್ದೆ, ಬರೀ ಮುಚ್ಚಿಟ್ಟೇ ಕಳೆ ಸಾಯಿಸ್ಬಹುದು.

ಅಗೆದಷ್ಟೂ ಯಾಕೆ ಬರುತ್ತೆ ಅಂದ್ರೆ, ಮಣ್ಣೊಳಗೆ ಹಳೇ ಬೀಜ ಬೇಕಾದಷ್ಟಿರುತ್ತೆ. ಎಷ್ಟೋ ಕಳೆಬೀಜಕ್ಕೆ ಮೊಳೆಯೋಕೆ ಬೆಳಕು ತಾಗ್ಬೇಕು. ಗುದ್ದಲಿ ಹಾಕಿದಾಗೆಲ್ಲ ಅವು ಮೇಲೆ ಬರ್ತವೆ. ಅದಕ್ಕೇ ಈ ಸಲ ಅಗೀಬೇಡಿ. ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಬಿಡಿ, ಬೀಜ ಕಟ್ಟಿರೋದನ್ನ ಮಾತ್ರ ತೆಗೆದು ಆಚೆ ಹಾಕಿ. ನೆಲ ಚೆನ್ನಾಗಿ ನೆನೆಸಿ, ರಟ್ಟಿನ ಡಬ್ಬಗಳನ್ನ ಬಿಚ್ಚಿ ಹಾಸಿ. ಟೇಪು, ಪಿನ್ನು ಕಿತ್ತುಹಾಕಿ. ಹೊಳಪಿನ ರಟ್ಟು ಬೇಡ.

ಮುಖ್ಯವಾಗಿ ನೋಡ್ಕೋಬೇಕಾದ್ದು ಸಂದಿ. ಒಂದು ರಟ್ಟಿನ ಮೇಲೆ ಇನ್ನೊಂದು ಒಂದು ಗೇಣಾದ್ರೂ ಹತ್ತಿ ಕೂತಿರ್ಬೇಕು. ಬೆರಳು ತೂರೋ ಜಾಗ ಸಿಕ್ರೆ ಸಾಕು, ಗರಿಕೆ ಅಲ್ಲಿಂದ್ಲೇ ತಲೆ ಎತ್ತುತ್ತೆ. ರಟ್ಟನ್ನೂ ನೆನೆಸಿ, ಮೇಲೆ ಒಣಗಿದ ಎಲೆನೋ ಹುಲ್ಲೋ ನಾಲ್ಕು ಇಂಚು ಹೊದಿಸಿ. ಹಸಿ ಹುಲ್ಲು ದಪ್ಪಗೆ ಹಾಕಿದ್ರೆ ಲೋಳೆಯಾಗಿ ನಾರುತ್ತೆ. ಇರೋ ಗಿಡಗಳ ಬುಡದಿಂದ ನಾಲ್ಕು ಬೆರಳು ದೂರ ಇರ್ಲಿ, ತಾಗ್ಕೊಂಡಿದ್ರೆ ಕಾಂಡ ಕೊಳೆಯುತ್ತೆ.

ಕೆಲವು ವಾರ ಬಿಟ್ಟು ಒಂದು ಮೂಲೆ ಎತ್ತಿ ನೋಡಿ. ಚಿಗುರು ಬಿಳಿಚಿಕೊಂಡು, ಉದ್ದಕ್ಕೆ ಸೊರಗಿ ಮಲಗಿರುತ್ತೆ. ಬೆಳಕಿಲ್ದೆ ಆಹಾರ ಮಾಡ್ಕೊಳ್ಳೋಕಾಗ್ದೆ, ಬೇರಲ್ಲಿ ಕೂಡಿಟ್ಟಿದ್ದನ್ನ ಖಾಲಿ ಮಾಡ್ಕೊಳ್ತಿದೆ ಅಂತ ಅರ್ಥ. ತಕ್ಷಣ ಮುಚ್ಚಿಬಿಡಿ. ತಾಳ್ಮೆ ಬೇಕಾಗೋದು ಇಲ್ಲೇ, ಹಳೇ ಬೇರಿನ ಕಳೆಗೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೂ ಜಾಗ ಖಾಲಿ ಬಿಡಬೇಕಿಲ್ಲ, ರಟ್ಟನ್ನ ಚಾಕುವಿನಲ್ಲಿ ಅಡ್ಡ-ಉದ್ದ ಸೀಳಿ ಸಸಿ ನೆಡಿ. ಸಣ್ಣ ಬೀಜ ಬಿತ್ತೋಕೆ ಮಾತ್ರ ಆಗಲ್ಲ.

ಭಾವ ಪ್ಲಾಸ್ಟಿಕ್ ಹಾಳೆ ಅಂದ್ರಲ್ಲ, ಅದೂ ಸರಿನೇ, ಆದ್ರೆ ಯಾವುದು ಅನ್ನೋದು ನೋಡ್ಬೇಕು. ಕಪ್ಪು ಹಾಳೆ ಬೆಳಕು ತಡೆಯುತ್ತೆ. ಪಾರದರ್ಶಕ ಹಾಳೆ ಬಿಸಿಲಿನ ಕಾವು ಒಳಗೆ ಹಿಡಿದು ಬೀಜ ಬೇಯಿಸುತ್ತೆ. ಅದಕ್ಕೆ ಸುಡುಬಿಸಿಲು, ಒದ್ದೆ ಮಣ್ಣು, 4ರಿಂದ 6 ವಾರ ಬೇಕು. ನೆರಳಲ್ಲಿ ಹಾಕಿದ್ರೆ ಒಳಗೆ ಕಳೆ ಹುಲುಸಾಗಿ ಬೆಳೆಯುತ್ತೆ.

ಕೊನ್ನಾರಿ ಅನ್ನೋ ಗಡ್ಡೆ ಕಳೆ ಇದ್ರೆ ಮಾತ್ರ ಕಷ್ಟ. ಅದರ ಗಡ್ಡೆಯಲ್ಲಿ ದಾಸ್ತಾನಿರುತ್ತೆ, ಸೂಜಿಯಂಥ ಮೊಳಕೆ ಪ್ಲಾಸ್ಟಿಕ್ಕನ್ನೂ ತೂತು ಮಾಡುತ್ತೆ. ಅದೊಂದನ್ನ ಗಡ್ಡೆ ಸಮೇತ ಅಗೆದೇ ತೆಗೀಬೇಕು. ಹಾಸೋ ಮೊದ್ಲು ಒಂದು ಗಿಡ ಬೇರು ಸಮೇತ ಕಿತ್ತು ಫೋಟೋ ಕಳ್ಸಿ, ಗರಿಕೆನೋ ಕೊನ್ನಾರಿನೋ ನೋಡಿ ಹೇಳ್ತೀನಿ.