ತೂಗುಹಾಕಿದ ಕೊಡಲಿಗೆ ಕಾವು ಬಿಗಿಯಾಗುವುದು ಹೇಗೆ?

ಪ್ರಶ್ನೆ:
ನಮ್ಮ ಮನೆಯ ಸೌದೆ ಕೊಡಲಿಯ ಕಬ್ಬಿಣ ಸ್ವಲ್ಪ ಅಲುಗಾಡುತ್ತಿತ್ತು. ತಂದೆಯವರು ಕಬ್ಬಿಣ ಕೆಳಗಿರುವಂತೆ ಕೊಡಲಿಯನ್ನು ಎಡಗೈಯಲ್ಲಿ ತೂಗುಹಾಕಿ ಹಿಡಿದು, ಮೇಲೆ ಬಂದ ಕಾವಿನ ತುದಿಗೆ ಕೊಡತಿಯಿಂದ ನಾಲ್ಕೈದು ಏಟು ಹಾಕಿದರು. ಕಾವು ಅರ್ಧ ಅಂಗುಲ ಒಳಗಿಳಿದು ಭದ್ರವಾಯಿತು. ಕಬ್ಬಿಣದ ಕೆಳಗೆ ಕಲ್ಲಾಗಲಿ ದಿಮ್ಮಿಯಾಗಲಿ ಇರಲಿಲ್ಲ. ಹಾಗಿದ್ದ ಮೇಲೆ ಏಟು ಬಿದ್ದೊಡನೆ ಅದು ಕಳಚಿ ಬೀಳಬೇಕಿತ್ತಲ್ಲವೇ?

ಉತ್ತರ 1:
ಕಾರಣ ಕಬ್ಬಿಣದ ಜಡತ್ವ. ನಿಶ್ಚಲವಾಗಿರುವ ವಸ್ತು ಹೊರಗಿನ ಬಲವಿಲ್ಲದೆ ಕದಲದು ಎಂದು ನ್ಯೂಟನ್ 1687ರಲ್ಲಿ ಹೇಳಿದ ಮೊದಲ ನಿಯಮವೇ ಇಲ್ಲಿಯೂ ನಡೆದಿದೆ. ಏಟು ಬಿದ್ದದ್ದು ಹಗುರವಾದ ಕಾವಿಗೆ. ಭಾರವಾದ ಕಬ್ಬಿಣ ಇದ್ದಲ್ಲೇ ಉಳಿಯಿತು.

ಉತ್ತರ 2:
ಮೇಲಿನ ಉತ್ತರ ಸರಿಯಾದರೂ ಅರ್ಧಕ್ಕೇ ನಿಂತಿದೆ. ಕಾವನ್ನು ಮೆಲ್ಲಗೆ ಒತ್ತಿದರೆ ಕಬ್ಬಿಣವೂ ಜೊತೆಯಲ್ಲೇ ಕೆಳಗಿಳಿಯುತ್ತದೆ, ಕಾವು ಒಳಗೆ ಹೋಗುವುದಿಲ್ಲ. ಕಬ್ಬಿಣವನ್ನು ಎಳೆದೊಯ್ಯುವುದು ಅವೆರಡರ ನಡುವಿನ ಘರ್ಷಣೆ, ಅದಕ್ಕೊಂದು ಮಿತಿಯಿದೆ. ಲೆಕ್ಕಕ್ಕಾಗಿ ಕಬ್ಬಿಣದ ತೂಕ 1.5 ಕಿಲೋ, ಘರ್ಷಣೆಯ ಗರಿಷ್ಠ ಬಲ 300 ನ್ಯೂಟನ್ ಎಂದುಕೊಳ್ಳಿ. ಆಗ ಕಾವು ಎಷ್ಟೇ ರಭಸದಿಂದ ನುಗ್ಗಿದರೂ ಕಬ್ಬಿಣಕ್ಕೆ ಸಿಗುವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 200 ಮೀಟರ್ ಮಾತ್ರ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನ ಏಟಿನಲ್ಲಿ ಅದು ಕದಲುವುದು 0.1 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಅಷ್ಟರಲ್ಲಿ ಕಾವು ಅದನ್ನು ಹಿಂದಿಕ್ಕಿ ಒಳಗೆ ಜಾರಿರುತ್ತದೆ. ಲೋಟದ ಅಡಿಯ ಕಾಗದವನ್ನು ಸರಕ್ಕನೆ ಎಳೆದರೆ ಲೋಟ ಉಳಿಯುವುದೂ, ನಿಧಾನವಾಗಿ ಎಳೆದರೆ ಕಾಗದದ ಹಿಂದೆಯೇ ಬರುವುದೂ ಇದೇ ಲೆಕ್ಕದಿಂದ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಪಕ್ಕದ ಮನೆಯವರು ಕಬ್ಬಿಣ ಮೇಲಿರುವಂತೆ ಹಿಡಿದು ಕಾವಿನ ಬುಡವನ್ನು ಕಲ್ಲಿಗೆ ಕುಟ್ಟುತ್ತಾರೆ. ಜಡತ್ವದ ಬಲವೇ ಅಲ್ಲಿ ಕಬ್ಬಿಣವನ್ನು ಕೆಳಗೆ ತಳ್ಳುತ್ತದೆ ಎನ್ನಬಹುದೇ?

ಉತ್ತರ 3:
ಹಾಗೆನ್ನಬಾರದು, ಜಡತ್ವವು ಬಲವಲ್ಲ. ಕಲ್ಲು ತಡೆಯುವುದು ಕಾವನ್ನು. ಕೆಳಮುಖವಾಗಿ ಬರುತ್ತಿದ್ದ ಕಬ್ಬಿಣ ಅದೇ ಚಲನೆಯನ್ನು ಮುಂದುವರಿಸಿ, ಘರ್ಷಣೆ ನಿಲ್ಲಿಸುವವರೆಗೆ ಕಾವಿನ ಮೇಲೆ ಇಳಿಯುತ್ತದೆ. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರನ್ನು ಯಾರೂ ಮುಂದಕ್ಕೆ ನೂಕುವುದಿಲ್ಲ. ಪಾದ ಬಸ್ಸಿನೊಂದಿಗೆ ನಿಲ್ಲುತ್ತದೆ, ಮೈ ಮುಂದುವರಿಯುತ್ತದೆ, ಅಷ್ಟೆ. ಕಬ್ಬಿಣ ತೀರಾ ಸಡಿಲವಾಗಿದ್ದರೆ ಮಾತ್ರ ತೂಗುಹಾಕುವ ಕ್ರಮ ಬೇಡ, ಅದು ಕಾಲ ಮೇಲೆ ಬಿದ್ದೀತು. ಎರಡರಲ್ಲಿ ಯಾವ ರೀತಿ ಬಿಗಿ ಮಾಡಿದರೂ ಕಾವಿನ ತಲೆಗೆ ಒಂದು ಬೆಣೆ ಹೊಡೆಯಿರಿ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಕಬ್ಬಿಣ ಮತ್ತೆ ಅಲುಗಾಡತೊಡಗುತ್ತದೆ.