ನಮ್ಮ ಮನೆಯ ಏರಿಗೆ ಆಲ್ ವೀಲ್ ಡ್ರೈವ್ ಬೇಕಾ?

ಪುಟ್ಟಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನೂ ಅದಕ್ಕೆ ಭಾವ ಕೊಟ್ಟ ಉತ್ತರವನ್ನೂ ಈಗಷ್ಟೇ ನೋಡಿದೆ. ಹೊಸ ಕಾರು ತೆಗೆದುಕೊಳ್ಳುತ್ತಿದ್ದೀಯ, ಬಹಳ ಖುಷಿ. ಮಳೆಗಾಲದಲ್ಲಿ ಊರಿಗೆ ಬರಬೇಕಾದರೆ ಆಲ್ ವೀಲ್ ಡ್ರೈವೇ, ಅಂದರೆ ಇಂಜಿನ್ ನಾಲ್ಕೂ ಚಕ್ರವನ್ನು ತಿರುಗಿಸುವ ಗಾಡಿಯೇ ಆಗಬೇಕು ಅಂತ ನಿನ್ನ ಲೆಕ್ಕ. ಏರು ಹತ್ತಲು ಹಿಂದಿನ ಚಕ್ರದ ಗಾಡಿಯೇ, ಅಂದರೆ ಇಂಜಿನ್ ಹಿಂದಿನ ಎರಡು ಚಕ್ರವನ್ನು ಮಾತ್ರ ತಿರುಗಿಸುವುದೇ ಗಟ್ಟಿ, ಲಾರಿ ಬಸ್ಸು ಎಲ್ಲ ಹಾಗೇ ಅಲ್ವಾ ಅಂತ ಭಾವನ ಮಾತು. ಅಂಗಳದಿಂದ ರಸ್ತೆಗೆ ಹತ್ತುವ ಈ ಏರಿನಲ್ಲಿ ನಾನು 20 ವರ್ಷದಿಂದ ಗಾಡಿ ಹತ್ತಿಸಿ ಇಳಿಸುತ್ತಿದ್ದೇನೆ, ಅದಕ್ಕೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳು.

ಭಾವ, ನೀವು ಹೇಳಿದ್ದು ಲಾರಿಗೆ ಸರಿ. ಲಾರಿಯ ಲೋಡು ಹಿಂದಿನ ಚಕ್ರದ ಮೇಲೆ ಕೂರುತ್ತದೆ. ಭಾರ ಎಲ್ಲಿದೆಯೋ ಹಿಡಿತ ಅಲ್ಲಿ. ನನ್ನ ಹಳೆಯ ವ್ಯಾನ್ ನೆನಪಿದೆಯಲ್ಲ, ಅದೂ ಹಿಂದಿನ ಚಕ್ರದ್ದೇ. ಅಡಿಕೆ ಮೂಟೆ ತುಂಬಿಕೊಂಡು ಮಂಡಿಗೆ ಹೊರಟರೆ ಆರಿದ್ರಾ ಮಳೆಯಲ್ಲೂ ಸಲೀಸಾಗಿ ಹತ್ತುತ್ತಿತ್ತು. ಅದೇ ವ್ಯಾನ್ ಖಾಲಿ ಇದ್ದ ದಿನ ಹಲಸಿನ ಮರದ ತಿರುವಿಗೆ ಬರುವಷ್ಟರಲ್ಲಿ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ಹಿಂಭಾಗ ಮೆಲ್ಲಗೆ ಚರಂಡಿ ಕಡೆಗೆ ಜಾರುತ್ತಿತ್ತು. ಎರಡು ಮೂಟೆ ಮರಳು ಹಿಂದೆ ಹಾಕಿಕೊಂಡೇ ಎಷ್ಟೋ ಮಳೆಗಾಲ ಕಳೆದೆ. ನಿಮ್ಮ ಕಾಲದ ಅಂಬಾಸಿಡರ್, ಪದ್ಮಿನಿ ಕೂಡ ಹಿಂದಿನ ಚಕ್ರದವೇ. 1983ರಲ್ಲಿ ಮಾರುತಿ 800 ಬಂದ ಮೇಲೆ ನಮ್ಮಲ್ಲಿ ಮುಂದಿನ ಚಕ್ರದ ಕಾರು ಮನೆಮನೆಗೆ ಬಂತು. ಇನ್ನೋವಾನೇ ನೋಡಿ. ಕ್ರಿಸ್ಟಾದವರೆಗೂ ಹಿಂದಿನ ಚಕ್ರ, 2022ರ ಕೊನೆಗೆ ತೋರಿಸಿದ ಹೈಕ್ರಾಸ್ ಮುಂದಿನ ಚಕ್ರ.

ಮುಂದಿನ ಚಕ್ರದ ಕಾರಿನಲ್ಲಿ ಇಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆಯೇ ಇರುತ್ತವೆ. ಗಾಡಿಯ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 60 ಪಾಲು ಮುಂದಿನ ಎರಡು ಚಕ್ರದ ಮೇಲೆ. ಎಳೆಯುವುದೂ ಅವೇ. ಹಾಗಾಗಿ ಒದ್ದೆ ಟಾರಿನಲ್ಲಿ ಒಬ್ಬರೇ ಕೂತು ಹೋಗುವಾಗಲೂ ಹಿಡಿತ ಚೆನ್ನಾಗಿರುತ್ತದೆ. ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲ. ಗಾಡಿ ಹಗುರ, ಮೈಲೇಜ್ ಜಾಸ್ತಿ, ಹಿಂದಿನ ಸೀಟಿನ ನಡುವೆ ಕೂತ ಅಮ್ಮನ ಕಾಲಿಗೆ ಜಾಗವೂ ಜಾಸ್ತಿ. ನೋಡಿಕೊಳ್ಳಬೇಕಾದ ಒಂದು ವಿಷಯ ಅಂದರೆ ಆಕ್ಸಲ್ ಬೂಟ್, ಚಕ್ರ ತಿರುಗಿಸುವ ಶಾಫ್ಟಿನ ಕೀಲಿಗೆ ಹಾಕಿದ ರಬ್ಬರ್ ಮುಸುಕು. ಆ ರಬ್ಬರ್ ಹರಿದು ಗ್ರೀಸ್ ಹೊರಗೆ ಬಂದರೆ ಒಳಗೆ ಮಣ್ಣು ಸೇರುತ್ತದೆ. ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂತ ಶಬ್ದ ಶುರು. ಸರ್ವೀಸಿಗೆ ಬಿಟ್ಟಾಗಲೆಲ್ಲ ಅದನ್ನು ನೋಡಲು ಹೇಳು.

ಹಾಗಾದರೆ ನಮ್ಮ ಏರು? ಅಲ್ಲಿ ಮುಂದಿನ ಚಕ್ರಕ್ಕೆ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಎಳೆಯುವ ಚಕ್ರ ಹಗುರ ಆಗುತ್ತದೆ. ಉಣುಗೋಲಿನ (ಗೇಟಿನ) ಹತ್ತಿರ ಜಂಬಿಟ್ಟಿಗೆ ಕಲ್ಲಿನ ಮೇಲೆ ಹಾವಸೆ ಕಟ್ಟಿದ ಜಾಗ ಇದೆಯಲ್ಲ, ಕಾಲಿಟ್ಟರೆ ನಾವೇ ಜಾರುತ್ತೇವೆ. ಹೋದ ವರ್ಷ ಅಲ್ಲೇ ನನ್ನ ಕಾರು ನಿಂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಸುತ್ತಿ ಕೆಂಪು ರಾಡಿ ಗಾಜಿಗೆ ಹಾರಿತು. ಮೆಲ್ಲಗೆ ಅಂಗಳಕ್ಕೆ ಇಳಿಸಿದೆ, ಗಾಡಿ ತಿರುಗಿಸಿದೆ, ರಿವರ್ಸಿನಲ್ಲಿ ಹತ್ತಿಸಿದೆ. ಒಂದೇ ಸಲಕ್ಕೆ ಹತ್ತಿತು! ರಿವರ್ಸಿನಲ್ಲಿ ಹತ್ತುವಾಗ ಎಳೆಯುವ ಚಕ್ರ ಇಳಿಜಾರಿನ ಕೆಳಗಡೆಗೆ ಬರುತ್ತದೆ, ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಈ ಮೇ ತಿಂಗಳಲ್ಲಿ ಹಾವಸೆ ಕೆರೆಸಿ ಎರಡು ಟ್ರ್ಯಾಕ್ಟರ್ ಜಲ್ಲಿ ಹಾಕಿಸಿದ್ದೇನೆ. ಈಗ ಒಂದನೇ ಗೇರಿನಲ್ಲಿ ನಿಲ್ಲಿಸದೆ, ರೇಸ್ ಮಾಡದೆ ಬಂದರೆ ಸಾಕು, ಮುಂದಕ್ಕೇ ಹತ್ತುತ್ತದೆ.

ನಮ್ಮ ಏರು ಹೆಚ್ಚೆಂದರೆ 60 ಮೀಟರ್ ಪುಟ್ಟಾ. ಬೆಂಗಳೂರಿನಿಂದ ತೀರ್ಥಹಳ್ಳಿ ದಾಟಿ ಇಲ್ಲಿಗೆ ಬರುವ ಮುನ್ನೂರು ಚಿಲ್ಲರೆ ಕಿಲೋಮೀಟರ್ ಪೂರ್ತಿ ಟಾರು. ನೀನು ದಿನಾ ಆಫೀಸಿಗೆ ಹೋಗುವುದೂ ಟಾರಿನ ಮೇಲೆಯೇ. ಆ 60 ಮೀಟರಿಗೋಸ್ಕರ ವರ್ಷಪೂರ್ತಿ ಜಾಸ್ತಿ ಪೆಟ್ರೋಲ್ ಯಾಕೆ ಸುಡಬೇಕು? ಮಾರುತಿಯ ಗ್ರ್ಯಾಂಡ್ ವಿಟಾರಾ ಕಾರು 2022ರಲ್ಲಿ ಬಂದಾಗ ಕಂಪನಿಯೇ ಹೇಳಿದ ಮೈಲೇಜ್ ನೋಡು. ಮ್ಯಾನುವಲ್ ಗೇರಿನ ಮುಂದಿನ ಚಕ್ರದ್ದು ಲೀಟರಿಗೆ 21.11 ಕಿಲೋಮೀಟರ್, ಅದೇ ಇಂಜಿನ್ನಿನ ಆಲ್ ವೀಲ್ 19.38. ಕೊಳ್ಳುವಾಗಿನ ಬೆಲೆಯೂ ಜಾಸ್ತಿ. ಟೈರ್ ಹಾಳಾದರೆ ಒಂದನ್ನೇ ಹೊಸದು ಹಾಕಿಸುವುದೂ ಒಳ್ಳೆಯದಲ್ಲ. ಸವೆದ ಟೈರಿಗೂ ಹೊಸದಕ್ಕೂ ಸುತ್ತಳತೆ ವ್ಯತ್ಯಾಸ ಇರುತ್ತದೆ, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಭಾಗಕ್ಕೆ ಅದರಿಂದ ಪೆಟ್ಟು.

ಥಾರ್, ಜಿಮ್ನಿ ಫೋರ್ ವೀಲ್ ಬೇರೆ ಲೆಕ್ಕ. ಅವುಗಳಲ್ಲಿ ಲಿವರ್ ಹಾಕಿದಾಗ ಮಾತ್ರ ನಾಲ್ಕೂ ಚಕ್ರ ಎಳೆಯುತ್ತವೆ. ಒಣ ಟಾರಿನಲ್ಲಿ ಹಾಗೆ ಓಡಿಸಲೇಬಾರದು. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ದೂರ ಸುತ್ತುವುದಿಲ್ಲ, ಗೇರು ಶಾಫ್ಟು ಬಿಗಿದುಕೊಳ್ಳುತ್ತವೆ. ದಿನಾ ಕಾಫಿ ತೋಟದ ಕೆಸರಲ್ಲಿ ಓಡಾಡುವವರಿಗೆ ಅದು ನಿಜವಾಗಿಯೂ ಬೇಕು. ಅವರು ತೆಗೆದುಕೊಳ್ಳಲಿ.

ನನಗೆ ಹೆದರಿಕೆ ಇರುವುದು ಬೇರೆ ಕಡೆ. ಆಲ್ ವೀಲ್ ಇದೆ ಅನ್ನುವ ಧೈರ್ಯದಲ್ಲಿ ನೀನು ಆಗುಂಬೆ ಘಾಟಿಯನ್ನು ಮಳೆಯಲ್ಲಿ ಜೋರಾಗಿ ಇಳಿದರೆ? ಆಲ್ ವೀಲ್ ಗಾಡಿಯನ್ನು ಎಳೆಯಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಆ 14 ತಿರುವಿನಲ್ಲಿ ಗಾಡಿಯನ್ನು ನಿಲ್ಲಿಸುವುದು ಬ್ರೇಕ್, ಟೈರ್, ಮತ್ತೆ ನಿನ್ನ ಕಾಲು. ಮುಂದಿನ ಚಕ್ರದ ಕಾರು ವೇಗ ಜಾಸ್ತಿ ಆದರೆ ತಿರುಗದೆ ನೇರಕ್ಕೆ ಎಳೆಯುತ್ತದೆ. ಅದಕ್ಕೇ ತಿರುವಿಗೆ ಮೊದಲೇ ಗೇರ್ ಇಳಿಸಿ ವೇಗ ತಗ್ಗಿಸು. ಹಿಂದಿನ ಚಕ್ರದ್ದಾದರೆ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಬಾಲ ಬೀಸುತ್ತದೆ. ಇ.ಎಸ್.ಪಿ. ಅಂತ ಗಾಡಿಯ ಹತೋಟಿ ಕಾಯುವ ವ್ಯವಸ್ಥೆ ಇದ್ದರೆ, ಗಾಡಿ ಜಾರಿದಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಅದನ್ನು ದಾರಿಗೆ ತರಲು ನೋಡುತ್ತದೆ. ಅದು ಇಲ್ಲದ ಕಾರನ್ನು ಮಾತ್ರ ತೆಗೆದುಕೊಳ್ಳಬೇಡ.

ಉಳಿದ ದುಡ್ಡನ್ನು ಟೈರಿಗೆ ಇಡು. ಟೈರಿನ ಗೆರೆಗಳ ಒಳಗೆ ಸಣ್ಣ ಉಬ್ಬು ಇರುತ್ತದೆ, ಬಟನ್ ಸವೆದು ಅದಕ್ಕೆ ಸಮ ಆದರೆ ಉಳಿದಿರುವುದು 1.6 ಮಿಲಿಮೀಟರ್. ಕಾನೂನಿನ ಮಿತಿ ಅದು. ನಾನಂತೂ ಅಲ್ಲಿವರೆಗೂ ಕಾಯುವುದಿಲ್ಲ. 3 ಮಿಲಿಮೀಟರ್‌ಗೆ ಬಂತು ಅಂದರೆ ಮೇ ತಿಂಗಳಲ್ಲೇ ಬದಲಾಯಿಸುತ್ತೇನೆ. ಬಟನ್ ಇಲ್ಲದ ಟೈರ್ ನೀರನ್ನು ಪಕ್ಕಕ್ಕೆ ತಳ್ಳುವುದಿಲ್ಲ, ನೀರಿನ ಮೇಲೆ ತೇಲುತ್ತದೆ.

ಹಾಂ, ಎಲೆಕ್ಟ್ರಿಕ್ ಕಾರಿನಲ್ಲಿ ಹಿಂದಿನ ಚಕ್ರ ಯಾಕೆ ವಾಪಸ್ ಬರುತ್ತಿದೆ ಅಂತಲೂ ನೀನು ಕೇಳಿದ್ದೆ. ಮಹೀಂದ್ರಾ ಬಿಇ 6 ಹಾಗೇ ಇದೆ. ಸಣ್ಣ ಮೋಟಾರು ಹಿಂದೆಯೇ ಕೂರುತ್ತದೆ, ಬ್ಯಾಟರಿ ನೆಲದ ಉದ್ದಕ್ಕೂ ಇರುತ್ತದೆ. ಹಾಗಾಗಿ ಖಾಲಿ ಇದ್ದರೂ ಹಿಂದೆ ಭಾರ ಇದ್ದೇ ಇರುತ್ತದೆ, ನನ್ನ ವ್ಯಾನಿನ ಕಷ್ಟ ಅದಕ್ಕಿಲ್ಲ.

ಬುಕ್ ಮಾಡುವ ಮೊದಲು ಈ ಶನಿವಾರ ಬಾ. ಮಳೆ ಇನ್ನೂ ಬಿಟ್ಟಿಲ್ಲ. ನನ್ನ ಕಾರಿನ ಕೀ ಕೊಡುತ್ತೇನೆ, ನೀನೇ ಏರು ಹತ್ತಿಸಿ ನೋಡು. ನಾನು ಕೊಡೆ ಹಿಡಿದು ಹಲಸಿನ ಮರದ ಹತ್ತಿರ ನಿಂತಿರುತ್ತೇನೆ. ಭಾವ, ನೀವೂ ಬನ್ನಿ.