ಯೂರೋ ಮುಗಿಯಿತು. ಅಪ್ಪನನ್ನು ಒಂದು ಮ್ಯಾಚ್‌ಗೆ ಕರ್ಕೊಂಡು ಹೋಗಬೇಕು, ಎಲ್ಲಿಗೆ?

ಲೆಫ್ಟ್‌ಬ್ಯಾಕ್ ಮಗಳು | 21 ಜುಲೈ 2024

ಎಲ್ಲರಿಗೂ ನಮಸ್ಕಾರ. ಯುರೋಪಿನ ದೇಶಗಳ ಫುಟ್‌ಬಾಲ್ ಕಪ್ ಯೂರೋ, ದಕ್ಷಿಣ ಅಮೆರಿಕದವರ ಕಪ್ ಕೋಪಾ, ಎರಡೂ ಮುಗಿದು ಒಂದು ವಾರ ಆಯಿತು. ರಾತ್ರಿ ಹನ್ನೆರಡೂವರೆಗೆ ನನಗೆ ಇನ್ನೂ ಎಚ್ಚರವಾಗುತ್ತದೆ. ಪಕ್ಕದ ರೂಮಿನಲ್ಲಿ ಅಪ್ಪನಿಗೂ ಎಚ್ಚರವಾಗಿರುತ್ತದೆ, ಮಂಚ ಕಿರ್ ಅನ್ನುವುದು ಕೇಳಿಸುತ್ತದೆ. ಇಬ್ಬರೂ ಸುಮ್ನೆ ಮಲಗಿರುತ್ತೇವೆ.

ಅಪ್ಪನಿಗೆ 74. ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಂಪನಿಯ ದೊಡ್ಡ ಟೀಮಿನಲ್ಲಿ ಆಡಿದವರಲ್ಲ, ಡಿಪಾರ್ಟ್‌ಮೆಂಟ್ ಟೀಮಿನ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಗಡೆ ನಿಂತು ಎದುರಾಳಿಯನ್ನು ತಡೆಯುವವರು. ಶಿಫ್ಟ್ ಮುಗಿಸಿ, ಸೈಕಲ್ ಬೇಲಿಗೆ ಒರಗಿಸಿ, ಹಾಗೇ ಗ್ರೌಂಡಿಗೆ ಇಳಿಯುತ್ತಿದ್ದರು. ನಾನು ಆ ಸೈಕಲ್ ಕಾಯುತ್ತಿದ್ದೆ. ಅಣ್ಣನಿಗೆ ಕ್ರಿಕೆಟ್, ನನಗೆ ಫುಟ್‌ಬಾಲ್ ಅಂತ ಮನೆಯಲ್ಲಿ ಆಗಲೇ ತೀರ್ಮಾನವಾಗಿ ಹೋಗಿತ್ತು.

ಈ ಸಲದ ಬೇಸಿಗೆ ನಮಗೆ ಶುರುವಾಗಿದ್ದು ಜೂನ್ 6ಕ್ಕೆ, ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಭಾರತದ ನಾಯಕ ಸುನಿಲ್ ಛೆಟ್ರಿಯ ವಿದಾಯದ ಮ್ಯಾಚಿನಿಂದ. ಅಲ್ಲಿಗೆ 151 ಪಂದ್ಯ, 94 ಗೋಲ್. ಆ ದಿನ ಒಂದೂ ಬರಲಿಲ್ಲ, 0-0. ಛೆಟ್ರಿ ಕಣ್ಣೀರು ಹಾಕುತ್ತಾ ಗ್ರೌಂಡಿಗೆ ಸುತ್ತು ಹಾಕುವಾಗ ಅಪ್ಪ ಟಿವಿ ಆಫ್ ಮಾಡಿ ಎದ್ದು ಹೋದರು. ಐದು ದಿನ ಬಿಟ್ಟು ದೋಹಾದಲ್ಲಿ ಕತಾರ್ ಮ್ಯಾಚ್. ಗೆರೆ ದಾಟಿ ಆಟದಿಂದ ಆಚೆ ಹೋಗಿದ್ದ ಬಾಲನ್ನು ಎಳೆದುಕೊಂಡು ಕತಾರ್‌ನವರು ಹೊಡೆದ ಗೋಲನ್ನು ರೆಫರಿ ಕೊಟ್ಟುಬಿಟ್ಟರು. 2-1ಕ್ಕೆ ಸೋತು ವಿಶ್ವಕಪ್ ಅರ್ಹತೆಯಿಂದ ಆಚೆ ಬಂದೆವು. ಅವತ್ತು ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. ಆದ್ದರಿಂದ ಯೂರೋ ಶುರುವಾದಾಗ ನನಗೆ ಒಂದೇ ಆಸೆ ಇತ್ತು, ಅಪ್ಪ ಮತ್ತೆ ಟಿವಿ ಮುಂದೆ ಕೂರಬೇಕು.

ಕೂತರು. ಒಂದು ತಿಂಗಳು ಕೂತರು. ನನಗೆ ಬೆಳಗ್ಗೆ ಆಫೀಸು, ಆದರೂ ಸ್ಟೀಲ್ ಫ್ಲಾಸ್ಕಿನಲ್ಲಿ ಕಾಫಿ ಮಾಡಿಟ್ಟು ಪಕ್ಕದಲ್ಲಿ ಕೂರುತ್ತಿದ್ದೆ. ಅಪ್ಪ ಟೀಪಾಯಿ ಮೇಲೆ ನಾಲ್ಕು ಲೋಟ ಸಾಲಾಗಿ ಇಡುತ್ತಿದ್ದರು. ಅವು ನಾಲ್ಕು ಬ್ಯಾಕ್‌ಗಳು. ಗೋಲ್ ಆದ ಮೇಲೆ ಯಾವ ಲೋಟ ಎಲ್ಲಿ ತಪ್ಪಿತು ಅಂತ ಸರಿಸಿ ತೋರಿಸೋರು. ಜಾರ್ಜಿಯಾ ಮೊದಲ ಸಲ ಯೂರೋಗೆ ಬಂದು ಪೋರ್ಚುಗಲ್‌ಗೆ 2-0 ಹೊಡೆಯಿತಲ್ಲ, ಎರಡನೇ ನಿಮಿಷಕ್ಕೇ ಕ್ವಾರಾತ್ಸ್‌ಖೇಲಿಯಾ ಗೋಲ್. ಅವತ್ತು ಒಂದು ಲೋಟ ಕೆಳಗೆ ಬಿದ್ದು ಅಮ್ಮ ಎದ್ದು ಬಂದರು.

ನನಗೆ ಮರೆಯಲಾಗದ್ದು ಜುಲೈ 5. ಸ್ಟುಟ್‌ಗಾರ್ಟ್, ಸ್ಪೇನ್-ಜರ್ಮನಿ. 89ನೇ ನಿಮಿಷಕ್ಕೆ ಜರ್ಮನಿಯ ವಿರ್ಟ್ಸ್ ಸಮ ಮಾಡಿದ. ಎಕ್ಸ್‌ಟ್ರಾ ಟೈಮ್. ಪೆನಾಲ್ಟಿಗೇ ಹೋಗುತ್ತದೆ ಅಂತ ನಾನು ಫ್ಲಾಸ್ಕ್ ತೊಳೆಯಲು ಎದ್ದೆ. 119ನೇ ನಿಮಿಷ, ಸ್ಪೇನಿನ ಓಲ್ಮೊ ಎಡಗಡೆಯಿಂದ ಬಾಲ್ ಎತ್ತಿ ಹಾಕಿದ, ಮೆರಿನೊ ಹಾರಿ ತಲೆ ಕೊಟ್ಟ. ಗೋಲ್. ಆಮೇಲೆ ಅವನು ಓಡಿ ಹೋಗಿ ಮೂಲೆಯ ಬಾವುಟಕ್ಕೆ ಸುತ್ತು ಬಂದ. ಯಾಕೆ ಹಾಗೆ ಅಂತ ನಮಗೆ ಆಗ ತಿಳಿಯಲಿಲ್ಲ. ಅವನ ಅಪ್ಪ 1991ರಲ್ಲಿ ಒಸಾಸುನಾ ತಂಡಕ್ಕೆ ಆಡುವಾಗ ಇದೇ ಸ್ಟೇಡಿಯಂನಲ್ಲಿ ಗೋಲ್ ಹೊಡೆದು, ಹೀಗೇ ಬಾವುಟ ಸುತ್ತಿದ್ದರಂತೆ. ಬೆಳಗ್ಗೆ ಓದಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆ ಹುಡುಗನಿಗೆ ಗ್ರೌಂಡ್ ನೆನಪಿತ್ತು ನೋಡು" ಅಂದರು.

ನನಗೂ ಒಂದು ಗ್ರೌಂಡ್ ನೆನಪಿದೆ. ಆ ಸೈಕಲ್ಲು, ಆ ಬೇಲಿ.

ಇನ್ನು ಬರ್ಲಿನ್‌ನ ಫೈನಲ್, ಸ್ಪೇನ್-ಇಂಗ್ಲೆಂಡ್. ನಾನು ಸ್ಪೇನಿನ ಯಮಾಲ್‌ನನ್ನೇ ನೋಡುತ್ತಿದ್ದೆ. ಹಿಂದಿನ ದಿನ ತಾನೇ 17 ತುಂಬಿದ ಹುಡುಗ. ಶಾಲೆಯ ಹೋಮ್‌ವರ್ಕ್ ಜರ್ಮನಿಗೆ ತಂದುಕೊಂಡು ಪಾಸ್ ಆದವನು. ಅವನ ಪಾಸಿಗೆ ನಿಕೊ ವಿಲಿಯಮ್ಸ್ ಗೋಲ್ ಹೊಡೆದಾಗ ನಾನು ಕೂಗಿದೆ, ಅಪ್ಪ ಕೂಗಲಿಲ್ಲ. ಇಂಗ್ಲೆಂಡಿನ ಪಾಮರ್ ಸಮ ಮಾಡಿದಾಗಲೂ, 86ನೇ ನಿಮಿಷಕ್ಕೆ ಸ್ಪೇನಿನ ಒಯಾರ್ಸಬಾಲ್ ಹೊಡೆದಾಗಲೂ ಕೂತೇ ಇದ್ದರು. 90ನೇ ನಿಮಿಷಕ್ಕೆ ಇಂಗ್ಲೆಂಡಿಗೆ ಕಾರ್ನರ್. ರೈಸ್ ತಲೆ ಕೊಟ್ಟ, ಗೋಲ್‌ಕೀಪರ್ ಸಿಮೊನ್ ತಡೆದ. ವಾಪಸ್ ಬಂದಿದ್ದಕ್ಕೆ ಗೇಹಿ ತಲೆ ಕೊಟ್ಟ. ಗೋಲ್‌ಕೀಪರ್ ಎಲ್ಲೋ ಇದ್ದಾನೆ. ಗೆರೆ ಮೇಲೆ ನಿಂತಿದ್ದ ಓಲ್ಮೊ ತಲೆಯಿಂದ ಆಚೆ ನೂಕಿದ.

ಅಪ್ಪ ಎದ್ದು ನಿಂತುಬಿಟ್ಟರು. ಸೋಫಾದಿಂದ ಏಳಬೇಕಾದರೆ ಎರಡು ಕೈ ಊರಿ, ಬಲ ಮಂಡಿಯನ್ನು ನೇರ ಮಾಡಿಕೊಂಡು, ನಿಧಾನಕ್ಕೆ ಏಳುವವರು ಒಂದೇ ಏಟಿಗೆ ಎದ್ದಿದ್ದರು. "ನಿಂತಿದ್ದಾನೆ ನೋಡು, ಜಾಗ ಬಿಟ್ಟಿಲ್ಲ" ಅಂದರು. ಅದು ಬ್ಯಾಕ್ ಆಡಿದವರ ಮಾತು. ಗೆರೆ ಮೇಲೆ ನಿಂತವನ ಹೆಸರನ್ನು ಮರುದಿನ ಪೇಪರಿನಲ್ಲಿ ದೊಡ್ಡದಾಗಿ ಹಾಕುವುದಿಲ್ಲ ಅಂತ ಅವರಿಗೆ ಗೊತ್ತು.

ಅದೇ ಬೆಳಗ್ಗೆ ಕೋಪಾ ಫೈನಲ್. ಮಯಾಮಿಯಲ್ಲಿ ಟಿಕೆಟ್ ಇಲ್ಲದ ಜನ ಗೇಟಿಗೆ ನುಗ್ಗಿ, ಐದೂವರೆಗೆ ಶುರುವಾಗಬೇಕಾಗಿದ್ದು ಏಳು ಗಂಟೆ ಹತ್ತಿರ ಆಯಿತು. ಅದನ್ನು ಫೋನಿನಲ್ಲಿ ಸ್ಕೋರ್ ನೋಡಿಯೇ ಮುಗಿಸಿದೆ. ಮೆಸ್ಸಿ ಕಾಲು ಉಳುಕಿ ಹೊರಗೆ ಹೋದ ಅನ್ನುವ ಸುದ್ದಿ ಬಂದಾಗ ಡಬ್ಬಿ ಕಟ್ಟುತ್ತಿದ್ದೆ.

ಈಗ ನನ್ನ ಪ್ರಶ್ನೆ. ಮೊನ್ನೆ ಊಟ ಮಾಡುವಾಗ ಅಪ್ಪ ಅಂದರು, "ಬಾಲ್ ಒದ್ದ ಸದ್ದು ಕಿವಿಯಾರೆ ಕೇಳಿ ಎಷ್ಟು ವರ್ಷ ಆಯ್ತು." ಹತ್ತು ವರ್ಷದ ಮೇಲೇ ಆಗಿದೆ. ಬೆಂಗಳೂರಿನಲ್ಲಿ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ನಾವಿರುವುದು ರಾಮಮೂರ್ತಿನಗರ. ಮೆಟ್ಟಿಲು ಜಾಸ್ತಿ ಹತ್ತಲಾರರು. ಹಾಗೇ, ಈ ಒಂದು ತಿಂಗಳಲ್ಲಿ ನಿಮಗೆ ಉಳಿದಿದ್ದು ಯಾವುದು ಅಂತಲೂ ಹೇಳಿ. ಅಪ್ಪನಿಗೆ ಓದಿ ಹೇಳುತ್ತೇನೆ.

---

ರಾತ್ರಿ ಪಾಳಿ | 21 ಜುಲೈ

ಮೇಡಂ, ನಾನು ಅಮೆರಿಕದ ಸಮಯಕ್ಕೆ ಕೆಲಸ ಮಾಡುವವನು. ಹಾಗಾಗಿ ನನ್ನ ಪಾಲಿಗೆ ಕೋಪಾನೇ ಹಬ್ಬ. ನನಗೆ ಉಳಿದಿದ್ದು ಅರ್ಜೆಂಟೀನಾದ ದಿ ಮರಿಯಾ.

ಅರ್ಜೆಂಟೀನಾ 2015, 2016 ಎರಡೂ ಕೋಪಾ ಫೈನಲ್‌ಗಳನ್ನು ಚಿಲಿಗೆ ಪೆನಾಲ್ಟಿಯಲ್ಲಿ ಸೋತಾಗ ನಾನು ಕಾಲೇಜಿನಲ್ಲಿದ್ದೆ. ಆಮೇಲೆ 2021ರಲ್ಲಿ ಬ್ರೆಜಿಲ್ ಮೇಲೆ ಫೈನಲ್ ಗೋಲ್ ಹೊಡೆದವನು ಇವನೇ. 2022ರ ವಿಶ್ವಕಪ್ ಫೈನಲ್‌ನಲ್ಲೂ ಹೊಡೆದ. ಇದು ದೇಶಕ್ಕೆ ನನ್ನ ಕೊನೇ ಟೂರ್ನಿ ಅಂತ ಮೊದಲೇ ಹೇಳಿ ಬಂದಿದ್ದ. ಮೆಸ್ಸಿ ಬೆಂಚಿನಲ್ಲಿ ಕೂತು ಮಗುವಿನ ಹಾಗೆ ಅಳುತ್ತಿದ್ದಾನೆ, ಇವನು ಒಳಗೆ ಓಡುತ್ತಲೇ ಇದ್ದಾನೆ. 36 ವರ್ಷ, ಎಕ್ಸ್‌ಟ್ರಾ ಟೈಮ್, ಆ ಸೆಕೆ. 112ನೇ ನಿಮಿಷಕ್ಕೆ ಲೌಟಾರೊ ಗೋಲ್ ಹೊಡೆದು ನೇರ ಬೆಂಚಿಗೆ ಓಡಿ ಮೆಸ್ಸಿಯನ್ನು ತಬ್ಬಿಕೊಂಡ. 117ಕ್ಕೆ ದಿ ಮರಿಯಾನನ್ನು ಹೊರಗೆ ಕರೆದರು. ಅವನೂ ಅಳುತ್ತಿದ್ದ, ಈ ಕಡೆ ನಾನೂ ಅಳುತ್ತಿದ್ದೆ. ಅರ್ಜೆಂಟೀನಾಗೆ ಇದು 16ನೇ ಕೋಪಾ.

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

---

ಕ್ರೋಸ್ ಪಕ್ಷ | 21 ಜುಲೈ

ಸ್ಟುಟ್‌ಗಾರ್ಟ್ ಮ್ಯಾಚ್ ಬಗ್ಗೆ ನೀವು ಬರೆದಿದ್ದು ಓದಿ ಖುಷಿಯಾಯಿತು, ಆದರೆ ಒಂದು ಮಾತು ಬಿಟ್ಟಿದ್ದೀರಿ. ಜರ್ಮನಿಯ ಮುಸಿಯಾಲಾ ಹೊಡೆದ ಬಾಲ್ ಸ್ಪೇನಿನ ಕುಕುರೆಯಾ ಕೈಗೆ ಬಿತ್ತು. ಪೆನಾಲ್ಟಿ ಕೊಡಲಿಲ್ಲ. ಕೊಟ್ಟಿದ್ದರೆ ಜರ್ಮನಿಯ ಟೋನಿ ಕ್ರೋಸ್ ಅವತ್ತೇ ಆಟ ಮುಗಿಸುತ್ತಿರಲಿಲ್ಲ. ವಿಶ್ವಕಪ್ ಗೆದ್ದವನು, 34ಕ್ಕೆ ಬೂಟು ಕಳಚಿಟ್ಟ. ನನಗೆ ಮೆರಿನೊ ಬಾವುಟಕ್ಕಿಂತ ಅದು ಜಾಸ್ತಿ ನೋವು. ನಿಮ್ಮ ಅಪ್ಪ ಆ ಕೈ ಬಗ್ಗೆ ಏನಂದರು?

---

ಲೆಫ್ಟ್‌ಬ್ಯಾಕ್ ಮಗಳು | 22 ಜುಲೈ

ಕೇಳಿದೆ. "ಪೆನಾಲ್ಟಿನೇ. ನಾನು ಆಗಿದ್ದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ" ಅಂದರು. ಇಷ್ಟು ದಿನ ನಾನು ಅಲ್ಲ ಅಂತ ವಾದ ಮಾಡುತ್ತಿದ್ದೆ. ಈಗ ಒಪ್ಪಿಕೊಂಡೆ. ಕ್ರೋಸ್ ವಿಷಯಕ್ಕೆ ಅಪ್ಪನಿಗೂ ಬೇಜಾರಿದೆ. ಅವನ ಪಾಸ್ ನೋಡುವಾಗ ಅವರು ಲೋಟಗಳನ್ನೇ ಮುಟ್ಟುತ್ತಿರಲಿಲ್ಲ.

---

ಗೌತಮಪುರ 10 | 22 ಜುಲೈ

ಅಕ್ಕ, ಹಲಸೂರಿನ ಪಕ್ಕದಲ್ಲೇ ನಮ್ಮ ಗೌತಮಪುರ. ಒಮ್ಮೆ ಅಪ್ಪನನ್ನು ಕರ್ಕೊಂಡು ಬನ್ನಿ. ನಮ್ಮಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆ ಪ್ರತಿಮೆಯೂ ಇದೆ. 2022ರ ಕೊನೆಯಲ್ಲಿ ಪೆಲೆ ತೀರಿಕೊಂಡಾಗ ಅಲ್ಲಿ ನಿಂತು ನಮ್ಮ ಮನೆಯವರು ಹೋದ ಹಾಗೆ ದುಃಖಪಟ್ಟೆವು. ವಿಶ್ವಕಪ್ ಬಂದರೆ ಇಡೀ ಬೀದಿ ಬ್ರೆಜಿಲ್ ಹಳದಿ.

ಮ್ಯಾಚ್ ನೋಡಲು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿ. ಅಲ್ಲಿ ಲೀಗ್ ಮ್ಯಾಚ್ ನಡೆಯುತ್ತವೆ. ಜನ ಕಡಿಮೆ. ಕೋಚ್ ಬೈಯುವುದೂ ಕೇಳಿಸುತ್ತದೆ, ಬಾಲ್ ಒದ್ದ ಸದ್ದಂತೂ ಚೆನ್ನಾಗಿ ಕೇಳಿಸುತ್ತದೆ. ಅಪ್ಪ ಕೇಳಿದ್ದು ಅದನ್ನೇ ಅಲ್ವಾ? ನಮ್ಮ ರಾಜ್ಯದ ಟೀಮು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ಕ್ಕೆ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನದು 1968-69ರಲ್ಲಿ, ಇನ್ನೂ ಮೈಸೂರು ಅನ್ನುವ ಹೆಸರಿದ್ದಾಗ. ಅಪ್ಪನಿಗೆ ಆ ಕಾಲ ಚೆನ್ನಾಗಿ ನೆನಪಿರುತ್ತದೆ. ಇಂಥ ಲೀಗ್ ಇಲ್ಲದೆ ಅಂಥ ಟೀಮ್ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಭಾನುವಾರ ಬೆಳಗ್ಗೆ ನಾನು ಏರಿಯಾ ಹುಡುಗರನ್ನು ಆಡಿಸುತ್ತೇನೆ. ಯೂರೋ ನೋಡಿದ ಮೇಲೆ ಹದಿನಾಲ್ಕು ಹುಡುಗರಲ್ಲಿ ಹದಿನಾಲ್ಕೂ ಯಮಾಲ್. ಬ್ಯಾಕ್ ನಿಲ್ಲು ಅಂದರೆ ಮುಖ ಸಣ್ಣ ಮಾಡುತ್ತಾರೆ. ನನಗೂ ಬ್ಯಾಕ್ ಆಟ ಹೇಳಿಕೊಡಲು ಬರುವುದಿಲ್ಲ, ನಾನು ಆಡಿದ್ದೆಲ್ಲ ಮುಂದೆಯೇ. ಅಪ್ಪ ಬಂದು ಒಂದು ಕುರ್ಚಿ ಹಾಕಿಕೊಂಡು ಕೂತರೆ ಸಾಕು. ಸಂಕೋಚಪಡಬೇಡಿ, ನಿಜವಾಗಲೂ ಕೇಳುತ್ತಿದ್ದೇನೆ.

---

ಕಂಠೀರವ ಖಾಯಂ | 23 ಜುಲೈ

ಅಶೋಕನಗರಕ್ಕೆ ಹೋಗಿ, ಸರಿ. ಆದರೆ ಕಂಠೀರವಕ್ಕೂ ಒಂದು ಸಲ ಕರ್ಕೊಂಡು ಬನ್ನಿ. ಛೆಟ್ರಿ ದೇಶದ ಅಂಗಿ ಬಿಚ್ಚಿಟ್ಟರೂ ನಮ್ಮ ಕ್ಲಬ್ ಬೆಂಗಳೂರು ಎಫ್‌ಸಿ ಬಿಟ್ಟಿಲ್ಲ. ನಿಮ್ಮ ಅಪ್ಪ ಟಿವಿ ಆಫ್ ಮಾಡಿ ಎದ್ದು ಹೋದರು ಅಂದಿರಲ್ಲ, ಅವರು ಅವನನ್ನು ಕಣ್ಣಾರೆ ನೋಡಬೇಕು.

ನನಗೆ ಬೇಸಿಗೆಯ ಟೂರ್ನಿ ಅಂದರೆ ಹೋದ ವರ್ಷದ ದಕ್ಷಿಣ ಏಷ್ಯಾ ಕಪ್, ಸ್ಯಾಫ್ ಚಾಂಪಿಯನ್‌ಶಿಪ್. ಅದು ಇಲ್ಲೇ ನಡೆಯಿತು. ಮಳೆಯಲ್ಲಿ ನೆನೆಯುತ್ತಾ ಪಾಕಿಸ್ತಾನದ ಮೇಲೆ ಛೆಟ್ರಿಯ ಮೂರು ಗೋಲ್ ನೋಡಿದ್ದೇನೆ. ಜುಲೈ 4ರ ಫೈನಲ್ ಕುವೈತ್ ಜೊತೆ 1-1, ಪೆನಾಲ್ಟಿ 4-4. ಮಹೇಶ್ ಸಿಂಗ್ ಹೊಡೆದ. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಹಾರಿ ಅವರ ಕೊನೆಯದನ್ನು ತಡೆದ, ಗೆದ್ದೆವು. ಆಮೇಲೆ ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡಿತು. ಪಕ್ಕದಲ್ಲಿ ನಿಂತಿದ್ದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ತಬ್ಬಿಕೊಂಡು ಹಾಡಿದೆವು. ಬರ್ಲಿನ್‌ನಲ್ಲಿ ಏನೇ ಆಗಲಿ, ನನ್ನ ಗಂಟಲು ಕಟ್ಟಿದ್ದು ಇಲ್ಲಿ.

ಹೇಗೆ ಬರುವುದು ಅಂದರೆ, ಬೆನ್ನಿಗಾನಹಳ್ಳಿಯಲ್ಲಿ ನೇರಳೆ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಲಿಫ್ಟ್ ಇದೆ. ಅಲ್ಲಿಂದ ಆಟೋ ಮಾಡಿ, ಮಂಡಿ ನೋವಿರುವವರನ್ನು ನಡೆಸಬೇಡಿ. ಒಳಗೆ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲಿನಲ್ಲಿ ಕೂತರೆ ಆಟ ಸರಿಯಾಗಿ ಕಾಣುವುದಿಲ್ಲ. ಒಂದು ಗಂಟೆ ಮೊದಲೇ ಬನ್ನಿ, ನಿಧಾನಕ್ಕೆ ಹತ್ತಬಹುದು. ಮುಗಿದ ಮೇಲೆ ಜನ ಕರಗುವ ತನಕ ಕೂತೇ ಇರಿ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾಗುವ ತನಕ ಕಾಯಬೇಕು, ಅಷ್ಟೇ.

---

ಲೆಫ್ಟ್‌ಬ್ಯಾಕ್ ಮಗಳು | 15 ಸೆಪ್ಟೆಂಬರ್ 2024

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಹೋಗಿದ್ದೆವು. ಕಂಠೀರವ, ಈಸ್ಟ್ ಬೆಂಗಾಲ್ ಜೊತೆ ಮೊದಲ ಮ್ಯಾಚ್.

ಆರೂವರೆಗೇ ಒಳಗಿದ್ದೆವು. ಅಪ್ಪ ಒಂದೊಂದು ಮೆಟ್ಟಿಲಿಗೂ ಎಡಗಾಲು ಮೊದಲು ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಎಡಗಾಲು ಇಟ್ಟು ಹತ್ತಿದರು. ಹಿಂದೆ ಬರುತ್ತಿದ್ದ ನೀಲಿ ಅಂಗಿಯ ಹುಡುಗರು ತಳ್ಳಲಿಲ್ಲ. ಒಬ್ಬ, "ತಾತ, ಟೈಮ್ ಇದೆ, ನಿಧಾನ" ಅಂದ. ಲೈಟ್ ಹಾಕಿದ ಹುಲ್ಲು ಕಂಡಾಗ ಅಪ್ಪ ನಿಂತುಬಿಟ್ಟರು. ಆಟಗಾರರು ವಾರ್ಮ್‌ಅಪ್ ಮಾಡುತ್ತಿದ್ದರು. ಅಷ್ಟು ದೂರದಿಂದಲೂ ಬಾಲಿನ ಸದ್ದು ಬರುತ್ತಿತ್ತು. ಧಪ್, ಧಪ್. ಅಪ್ಪ ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು.

25ನೇ ನಿಮಿಷಕ್ಕೆ ವಿನಿತ್ ವೆಂಕಟೇಶ್ ಗೋಲ್ ಹೊಡೆದ. ಬೆಂಗಳೂರಿನದೇ ಹುಡುಗ, ಇನ್ನೂ ಇಪ್ಪತ್ತು ತುಂಬಿಲ್ಲ. ಸ್ಟೇಡಿಯಂ ಎದ್ದು ನಿಂತಿತು, ಅಪ್ಪನೂ ಎದ್ದರು. ಆ ಒಂದೇ ಗೋಲಿನಲ್ಲಿ ಗೆದ್ದೆವು. ಕೊನೇ ಹತ್ತು ನಿಮಿಷ ಅಪ್ಪ ಬಾಲ್ ನೋಡಲೇ ಇಲ್ಲ. ನಮ್ಮ ಬ್ಯಾಕ್‌ಗಳು ಎಲ್ಲಿ ನಿಂತಿದ್ದಾರೆ ಅಂತ ಎಣಿಸುತ್ತಿದ್ದರು, ಲೋಟ ಎಣಿಸುವ ಹಾಗೆ.

19ಕ್ಕೆ ಹೈದರಾಬಾದ್ ಮ್ಯಾಚ್, ಅದಕ್ಕೂ ಹೋಗುತ್ತೇವೆ.

ಗೌತಮಪುರ ಅಣ್ಣ, ಮುಂದಿನ ಭಾನುವಾರ ಎಷ್ಟು ಗಂಟೆಗೆ ಬರಬೇಕು ಹೇಳಿ. ಕುರ್ಚಿ ಬೇಡವಂತೆ, ನಿಂತುಕೊಂಡೇ ಹೇಳಿಕೊಡುತ್ತಾರಂತೆ. ನೀವು ಒಂದು ಹಾಕಿರಿ.